ಕೆಡದೆ ಉಳಿದ ಬ್ಯಾಚು

ಶನಿವಾರ ಬೆಳಿಗ್ಗೆ 7.50ಕ್ಕೆ ಠಾಣೆಯ ಫೋನು ಬಡಿದುಕೊಂಡಿತು. ಆ ಕಡೆಯಿಂದ ಮಾತಾಡಿದ್ದು ಲೋಹ ಸಂಶೋಧನಾ ಕೇಂದ್ರದ ಗೇಟು ಕಾಯುವ ಮುದುಕ.

“ಸಾರ್, ನಮ್ಮ ದೊಡ್ಡವರು ಕುಲುಮೆ ಕೋಣೇಲಿ ಬಿದ್ದಿದಾರೆ. ಮುಖ ಇಲ್ಲ.”

“ಮುಖ ಇಲ್ಲ ಅಂದ್ರೇನಯ್ಯಾ? ನೆಟ್ಟಗೆ ಹೇಳು,” ಎಂದ ದಫೇದಾರ.

“ನೆಟ್ಟಗೇ ಹೇಳ್ತಿದೀನಿ ಸಾರ್. ಇರೋ ಜಾಗದಲ್ಲಿ ಇಲ್ಲ.”

8.15ಕ್ಕೆ ಇನ್‌ಸ್ಪೆಕ್ಟರ್, ದಫೇದಾರ ಮತ್ತು ಒಬ್ಬಳು ಮಹಿಳಾ ಕಾನ್‌ಸ್ಟೇಬಲ್ ಜೀಪಿನಿಂದ ಇಳಿದರು. ಕೇಂದ್ರವೆಂದರೆ ಹೆಂಚಿನ ಬಣ್ಣದ ಒಂದೇ ಅಂತಸ್ತಿನ ಕಟ್ಟಡ, ಹಿಂದುಗಡೆ ಸಿಲಿಂಡರ್ ಶೆಡ್ಡು, ಮುಂದೆ ಒಂದು ಗೇಟು. ಕುಲುಮೆ ಕೋಣೆ ಶೆಡ್ಡಿಗೆ ಅಂಟಿಕೊಂಡಿತ್ತು. ನಡುವೆ ಆಳೆತ್ತರದ ಉಕ್ಕಿನ ಕುಲುಮೆ. ಗೋಡೆಯುದ್ದಕ್ಕೂ ಎರಡು ಗಾಜಿನ ಪೆಟ್ಟಿಗೆಗಳು, ಅವುಗಳಿಂದ ಹೊರಚಾಚಿದ ಕಪ್ಪು ರಬ್ಬರಿನ ಕೈಗವಸುಗಳು. ಮೂಲೆಯಲ್ಲಿ ಒಣ ಮರಳು ತುಂಬಿದ ದೊಡ್ಡ ತೊಟ್ಟಿ. ನೀರಿನ ನಲ್ಲಿ ಎಲ್ಲೂ ಇರಲಿಲ್ಲ. ಬಾಗಿಲ ಮೇಲೆ, ನೀರು ತರಬೇಡಿ ಎಂದು ಕೆಂಪಕ್ಷರದಲ್ಲಿ ಬರೆದಿತ್ತು.

ಕೇಂದ್ರದ ಮುಖ್ಯಸ್ಥರು ಕುಲುಮೆಗೂ ಸಿಲಿಂಡರುಗಳ ಸಾಲಿಗೂ ನಡುವೆ ಅಂಗಾತ ಬಿದ್ದಿದ್ದರು. ಪೊಲೀಸ್ ವೈದ್ಯರು ಮಂಡಿಯೂರಿ ಕೂತು ಹೊಡೆತಗಳನ್ನು ಎಣಿಸಿದರು. ಹನ್ನೊಂದು. ದವಡೆ ಎರಡು ತುಂಡು, ಎರಡೂ ಕೆನ್ನೆಯ ಮೂಳೆ ಒಳಕ್ಕೆ, ಹಣೆ ಚಪ್ಪಟೆ. ತಡೆಯಲು ಎತ್ತಿದ ಕೈಗಳ ಬೆರಳುಗಳೂ ಮುರಿದಿದ್ದವು. ಮೂರು ಹಲ್ಲು ಕುಲುಮೆಯ ಕಾಲಿನ ಹತ್ತಿರ ಸಿಕ್ಕವು.

“ಕೊನೇ ಐದು ಏಟು ಇವರು ನೆಲಕ್ಕೆ ಬಿದ್ದ ಮೇಲೆ ಕೊಟ್ಟಿದ್ದು,” ಎಂದರು ವೈದ್ಯರು. “ಅಷ್ಟೊತ್ತಿಗೆ ಜೀವ ಹೋಗಿತ್ತು. ಹೊಡೆಯೋರಿಗೆ ಗೊತ್ತಾಗ್ಲಿಲ್ಲ, ಇಲ್ಲಾ ಗೊತ್ತಾದ್ರೂ ಸಾಕಾಗ್ಲಿಲ್ಲ.”

“ಯಾತರಲ್ಲಿ ಹೊಡ್ದಿದಾರೆ?” ಎಂದರು ಇನ್‌ಸ್ಪೆಕ್ಟರ್.

“ಭಾರದ ಕಬ್ಬಿಣ. ಉದ್ದ ಹಿಡಿ ಇರೋದು.”

ಹದಿನೆಂಟು ವರ್ಷ ಹೆಣ ನೋಡಿದ ದಫೇದಾರ, ಪಂಚರನ್ನು ಕರೆತರುತ್ತೇನೆಂದು ಹೊರಗೆ ಹೊರಟ. ಹೋಗೆಂದು ಯಾರೂ ಅವನಿಗೆ ಹೇಳಿರಲಿಲ್ಲ.

ಪಂಚನಾಮೆಗೆ ಎದುರಿನ ಸೈಕಲ್ ಅಂಗಡಿಯವನನ್ನೂ ಟೈಲರನ್ನೂ ಕರೆತಂದರು. ಇಲ್ಲಿ ಮಾಡುವುದು ಅಣು ಇಂಧನದ ಯುರೇನಿಯಂ ನೈಟ್ರೈಡ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಟೈಲರ್ ಟೇಪನ್ನು ಕೊರಳಲ್ಲೇ ಬಿಟ್ಟುಕೊಂಡು ಗೇಟಿನತ್ತ ಹೊರಟ. ಕೇಂದ್ರದ ಸುರಕ್ಷತಾಧಿಕಾರಿ ಅಳತೆಯ ಯಂತ್ರ ಹಿಡಿದು ಕೋಣೆಯೆಲ್ಲ ಸುತ್ತಿ, ಇದು ವಿಕಿರಣ ಕಡಿಮೆಯಿರುವ ಬಗೆಯದು, ಮುಟ್ಟದಿದ್ದರೆ ಏನೂ ಆಗುವುದಿಲ್ಲ ಎಂದು ಧೈರ್ಯ ಹೇಳಿದ ಮೇಲೆ ಇಬ್ಬರೂ ಕಾಲಿಗೆ ಬಟ್ಟೆಯ ಚೀಲ ಹಾಕಿಕೊಂಡು ಒಳಗೆ ಬಂದರು. 9.10ರಿಂದ 11.40ರವರೆಗೆ ಪಂಚನಾಮೆ ನಡೆಯಿತು. ಆಯುಧ ಸಿಗಲಿಲ್ಲ. ಸತ್ತವರ ಅಂಗಿಯ ಜೇಬಿನಲ್ಲಿ ಚೂರಾದ ಫೋನು ಸಿಕ್ಕಿತು. ಅದು ಶುಕ್ರವಾರ ಸಂಜೆ 5.38ಕ್ಕೆ ಸತ್ತಿದೆಯೆಂದು ಫೋನು ಕಂಪನಿಯವರು ತಿಳಿಸಿದರು. 5.15ಕ್ಕೆ ಅದರಲ್ಲೇ ಹೆಂಡತಿಯ ಹತ್ತಿರ ಮಾತಾಡಿದ್ದರು. ಆಕೆ ತವರಿನಲ್ಲಿದ್ದಳು, ಆಮೇಲೆ ಫೋನು ಎತ್ತದಿದ್ದಾಗ ಕುಲುಮೆಯ ಹತ್ತಿರ ಇರಬೇಕೆಂದು ಸುಮ್ಮನಾಗಿದ್ದಳು.

ಗೇಟಿನ ರಿಜಿಸ್ಟರಿನ ಪ್ರಕಾರ ಶುಕ್ರವಾರ ಕೆಲಸದವರೆಲ್ಲ ಸಂಜೆ ನಾಲ್ಕಕ್ಕೆ ಹೊರಗೆ. ಆಮೇಲೆ ಒಳಗೆ ಬಂದದ್ದು ಸಿಲಿಂಡರ್ ಲಾರಿ ಒಂದೇ. ಒಳಗೆ 4.45, ಹೊರಗೆ 5.50.

ಮಧ್ಯಾಹ್ನ ಹನ್ನೆರಡಕ್ಕೆ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರು. ಮೊದಲು ಬಂದವಳು ಕುಲುಮೆ ನಡೆಸುವ ಹೆಂಗಸು. ಐವತ್ತರ ಆಸುಪಾಸು, ಗಂಡಸರಂಥ ಮುಂಗೈ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ಇಪ್ಪತ್ತೆರಡು ವರ್ಷದಿಂದ ಅಲ್ಲಿದ್ದಳು. ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕುಲುಮೆಯಕ್ಕ ಎಂದೇ.

“ನಿನ್ನೆ ಕುಲುಮೆ ಉರೀತಿತ್ತಾ?”

“ಉರೀತಿತ್ತು.”

“ಹಾಗಿದ್ರೂ ನಾಲ್ಕಕ್ಕೆ ಹೋದ್ರಾ?”

“ರಿಜಿಸ್ಟರಲ್ಲಿ ಸೈ ಇದೆಯಲ್ಲ ಸಾರ್. ಮಿಕ್ಕಿದ್ದು ದೊಡ್ಡವರೇ ನೋಡ್ಕೋತೀನಿ ಅಂದ್ರು.”

“ಅವರಿಗೆ ಯಾರಾದ್ರೂ ಆಗದೋರು?”

“ಆಗೋರು ಯಾರಿದ್ರು ಅಂತ ಕೇಳಿ.” ಅವಳು ಗಡಿಯಾರ ನೋಡಿದಳು. “ಒಂದು ಗಂಟೆಗೆ ನಾನು ಮನೇಲಿರ್ಬೇಕು. ತಮ್ಮಂಗೆ ಊಟ ಮಾಡಿಸ್ಬೇಕು. ಅವನಿಗೆ ಕೈಯಿಲ್ಲ.”

ಇನ್‌ಸ್ಪೆಕ್ಟರ್ ಅವಳನ್ನು ಕಳಿಸಿಕೊಟ್ಟರು. ಹಿಂದಿನ ವರ್ಷ ಅದೇ ಕೋಣೆಯಲ್ಲಿ ಬೆಂಕಿ ಹತ್ತಿ ತಮ್ಮನ ಎರಡೂ ಕೈ ಹೋದವೆಂದು ಗೇಟಿನ ಮುದುಕ ಆಮೇಲೆ ಹೇಳಿದ. ಉಂಗುರ ಹಾಕಿಕೊಂಡು ಕೆಲಸ ಮಾಡಿದ, ಅದು ಸಿಕ್ಕಿ ಕೈಗವಸು ಹರಿಯಿತು, ತಪ್ಪು ಅವನದೇ ಎಂದು ವರದಿಯಾಗಿತ್ತಂತೆ. ದಫೇದಾರ ಅದನ್ನು ಬರೆದುಕೊಂಡು ಪುಟ ತಿರುಗಿಸಿದ. ಅವನ ತಲೆಯಲ್ಲಿ ಲಾರಿಯ ಡ್ರೈವರ್ ಕೂತುಬಿಟ್ಟಿದ್ದ.

ಕೂರದೆ ಇರಲು ಕಾರಣವೂ ಇರಲಿಲ್ಲ. ಗೂಳಿ ಎಂಬ ಅಡ್ಡಹೆಸರಿನ ಆ ಡ್ರೈವರನಿಗೆ ಎರಡು ವಾರದ ಹಿಂದೆ ಮುಖ್ಯಸ್ಥರು ಎಲ್ಲರೆದುರು ಕಪಾಳಕ್ಕೆ ಬಾರಿಸಿದ್ದರು. ಸಿಲಿಂಡರನ್ನು ಎತ್ತದೆ ನೆಲದ ಮೇಲೆ ಉರುಳಿಸಿದ್ದು ತಪ್ಪು. ಒಂದು ದಿನ ನಿನ್ನ ಬುರುಡೆ ಬಿಚ್ತೀನಿ ಎಂದು ಗೂಳಿ ಹೇಳಿದ್ದನ್ನು ಆರು ಜನ ಕೇಳಿದ್ದರು. ಸಿಲಿಂಡರಿನ ಬಾಯಿ ತಿರುವುವ ಮೊಳದುದ್ದದ ಕಬ್ಬಿಣದ ಪಾನಾ ಅವನ ಲಾರಿಯಲ್ಲಿ ಇರಬೇಕಾದದ್ದು, ಆಮೇಲೆ ಹುಡುಕಿದಾಗ ಇರಲಿಲ್ಲ.

3.20ಕ್ಕೆ ಲಾರಿ ನಿಲ್ಲುವ ಮೈದಾನಕ್ಕೆ ಹೋದರು. ಗೂಳಿ ಟೈರಿನ ಮೇಲೆ ಕೂತಿದ್ದ. ಖಾಕಿ ಕಂಡವನೇ ಎದ್ದು ಓಡಿದ. ದಫೇದಾರ ಅಡ್ಡ ಬಂದಾಗ ತಲೆಯಿಂದಲೇ ಗುದ್ದಿದ. ದಫೇದಾರನ ಮುಂದಿನ ಹಲ್ಲೊಂದು ನೆಲಕ್ಕೆ ಬಿತ್ತು. ಮಹಿಳಾ ಕಾನ್‌ಸ್ಟೇಬಲ್ ಲಾಠಿಯನ್ನು ಕಾಲಿಗೆ ಅಡ್ಡ ಹಾಕಿ ಕೆಡವಿದಳು. ಬಿದ್ದವನು ಅವಳ ಮಣಿಕಟ್ಟು ಕಚ್ಚಿದ, ಅವಳು ಬಿಡದೆ ಅವನ ತೋಳನ್ನು ಬೆನ್ನಿಗೆ ತಿರುವಿದಳು. ಭುಜ ಕಟಕ್ ಎಂದಿತು. ನಾಲ್ಕು ಜನ ಸೇರಿ ಜೀಪಿಗೆ ಹಾಕುವ ಹೊತ್ತಿಗೆ ಎಲ್ಲರ ಬಟ್ಟೆಯಲ್ಲೂ ಎಲ್ಲರ ರಕ್ತವಿತ್ತು. ಗೂಳಿಯ ಅಂಗಿಯ ರಕ್ತದ ಪರೀಕ್ಷೆ ಮಾಡಿಸಬೇಕೆಂಬ ಯೋಚನೆ ಅಲ್ಲಿಗೇ ಮುಗಿಯಿತು.

“ಯಾಕೋ ಓಡಿದೆ?” ಎಂದರು ಇನ್‌ಸ್ಪೆಕ್ಟರ್, ಠಾಣೆಯಲ್ಲಿ.

“ನೀವು ಅಟ್ಟಿಸ್ಕೊಂಡು ಬಂದ್ರಿ, ಓಡಿದೆ.”

“ಪಾನಾ ಎಲ್ಲಿ?”

“ಬಂದ ಕೂಡ್ಲೇ ಬಾಗಿಲಿಂದ ಕೈ ಚಾಚಿ ಸಿಲಿಂಡರ್ ಸಾಲಿನ ಪಕ್ಕದ ಗೂಟಕ್ಕೆ ನೇತುಹಾಕಿದೆ. ಯಾವಾಗ್ಲೂ ಅಲ್ಲೇ ಹಾಕೋದು. ಕುಲುಮೆಯೋರಿಗೂ ಬೇಕಾಗುತ್ತೆ.”

“ದೊಡ್ಡವರನ್ನ ನೋಡಿದ್ಯಾ?”

“ಶೆಡ್ಡಲ್ಲಿ ಇಳಿಸಿ ಹೋದೆ. ಒಳಗೆ ಏನೋ ದಪದಪ ಅಂತಿತ್ತು. ಅಲ್ಲಿ ದಿನಾ ಏನೋ ಒಂದು ಅಂತಿರುತ್ತೆ ಸಾರ್.”

ಊದಿದ ತುಟಿಯ ದಫೇದಾರ ಅವನ ಕಪಾಳಕ್ಕೊಂದು ಬಿಟ್ಟ. ಹೇಳಿಕೆ ಬದಲಾಗಲಿಲ್ಲ. ಭಾನುವಾರ ನ್ಯಾಯಾಧೀಶರ ಮನೆಯಲ್ಲೇ ಹಾಜರುಪಡಿಸಿ ನಾಲ್ಕು ದಿನ ಕಸ್ಟಡಿಗೆ ಪಡೆದರು. ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ಕುಲುಮೆಯ ಒಳಗೆ ಅರ್ಧ ಬೆಂದ ಬಿಲ್ಲೆಗಳ ಒಂದು ಬ್ಯಾಚು ಇರದಿದ್ದರೆ ಗೂಳಿ ಈಗಲೂ ಜೈಲಿನಲ್ಲಿರುತ್ತಿದ್ದ.

ಆ ಬ್ಯಾಚಿನ ಸಂಗತಿ ಎತ್ತಿದವಳು ಕಿರಿಯ ರಸಾಯನಶಾಸ್ತ್ರಜ್ಞೆ. ಕೇಂದ್ರದಲ್ಲಿ ಅವಳು ಸಣ್ಣ ಮೇಡಂ. ಗುರುವಾರದಿಂದ ಬೇರೊಂದು ಊರಿನ ಸಭೆಯಲ್ಲಿದ್ದು ಶನಿವಾರ ಮಧ್ಯಾಹ್ನ ಓಡಿಬಂದಿದ್ದಳು. ಹೆಣ ನೋಡಿ ಅತ್ತಳು. ಆಮೇಲೆ ಸೀಲು ಹಾಕಿದ ಕುಲುಮೆ ನೋಡಿ, “ಬ್ಯಾಚೂ ಹೋಯ್ತು,” ಎಂದು ಇನ್ನಷ್ಟು ಅತ್ತಳು. ಸೋಮವಾರ 10.30ಕ್ಕೆ ಪಂಚರೆದುರು ಕುಲುಮೆ ತೆರೆದು, ಒಳಗಿದ್ದ ಬೂದುಬಣ್ಣದ ಬಿಲ್ಲೆಗಳನ್ನು ಗಾಜಿನ ಪೆಟ್ಟಿಗೆಗೆ ಸಾಗಿಸಿ, ಒಂದನ್ನು ಎಕ್ಸ್‌ರೇ ಯಂತ್ರಕ್ಕೆ ಕೊಟ್ಟರು. 2.15ಕ್ಕೆ ಸಣ್ಣ ಮೇಡಂ ಒಂದು ಹಾಳೆ ಹಿಡಿದುಕೊಂಡು ಠಾಣೆಗೆ ಬಂದಳು.

“ಸಾರ್, ಬ್ಯಾಚು ಕೆಟ್ಟಿಲ್ಲ.”

“ಸಂತೋಷ.”

“ಸಂತೋಷ ಅಲ್ಲ ಸಾರ್. ಕೆಡಲೇಬೇಕಾಗಿತ್ತು.”

ಕಾಲೇಜಿನಲ್ಲಿ ರಸಾಯನಶಾಸ್ತ್ರದಲ್ಲಿ ಎರಡು ಸಲ ನಪಾಸಾಗಿದ್ದ ಇನ್‌ಸ್ಪೆಕ್ಟರ್ ಕುರ್ಚಿ ಎಳೆದುಕೊಂಡರು. “ನಿಧಾನಕ್ಕೆ ಹೇಳಮ್ಮ. ದಡ್ಡನಿಗೆ ಹೇಳೋ ಹಾಗೆ ಹೇಳು.”

“ನಮಗೆ ಬೇಕಾದ್ದು ಒಂದು ಯುರೇನಿಯಂಗೆ ಒಂದೇ ನೈಟ್ರೋಜನ್. ಹೆಚ್ಚೂ ಬೇಡ, ಕಮ್ಮೀನೂ ಬೇಡ. ಕುಲುಮೆ ಪೂರ್ತಿ ಕಾದಿರೋವಾಗ ಸುತ್ತ ನೈಟ್ರೋಜನ್ ಹರೀತಿರ್ಬೇಕು. ಇಲ್ಲದಿದ್ರೆ ಇರೋ ನೈಟ್ರೋಜನ್ನೂ ಬಿಟ್ಟುಹೋಗಿ, ಬಿಲ್ಲೆಯಿಂದ ಲೋಹ ಬೆವರಿನ ಹಾಗೆ ಒಸರುತ್ತೆ.”

“ಸರಿ.”

“ತಣ್ಣಗಾಗೋಕೆ ಶುರುವಾದ್ರೆ ಉಲ್ಟಾ. ಕಾದಿರೋವಾಗ ಒಂದರಲ್ಲೇ ತೃಪ್ತಿ, ತಣ್ಣಗಾಗ್ತಾ ಆಸೆ ಹುಟ್ಟುತ್ತೆ. ಸುತ್ತ ನೈಟ್ರೋಜನ್ ಇದ್ರೆ ಎಳ್ಕೊಳ್ಳುತ್ತೆ. ಎರಡು ಯುರೇನಿಯಂಗೆ ಮೂರು ನೈಟ್ರೋಜನ್ ಆಗಿ, ಬಿಲ್ಲೆ ಕಪ್ಪಾಗಿ ಬಿರುಕು ಬಿಡುತ್ತೆ. ಅದಕ್ಕೇ ಉರಿ ಇಳಿಯೋಕೆ ಸರಿಯಾಗಿ ಮುಂಚೆ ನೈಟ್ರೋಜನ್ ನಿಲ್ಲಿಸಿ ಆರ್ಗಾನ್ ಬಿಡ್ಬೇಕು. ಆರ್ಗಾನ್ ಯಾರ ತಂಟೆಗೂ ಹೋಗೋ ಗ್ಯಾಸ್ ಅಲ್ಲ.”

“ಉರಿ ಇಳಿಯೋದು ಯಾವಾಗ?”

“ಉರಿ ತಾನಾಗೇ ಇಳಿಯುತ್ತೆ, ಯಂತ್ರಕ್ಕೆ ಹೇಳಿಟ್ಟಿರ್ತೀವಿ. ಶುಕ್ರವಾರ ಸಂಜೆ 6.45ಕ್ಕೆ ಇಳಿದಿದೆ, ಕಾಗದದಲ್ಲಿ ಗೆರೆ ಇದೆ. ಆದ್ರೆ ಗ್ಯಾಸ್ ಬದಲಾಯಿಸೋ ವಾಲ್ವು ಕೈಯಲ್ಲೇ ತಿರುಗಿಸ್ಬೇಕು. ಐದಾರು ನಿಮಿಷ ಮುಂಚೆ, ಅಷ್ಟೇ.”

“ಐದೂವರೆಗೇ ದೊಡ್ಡವರು ತಿರುಗಿಸಿದ್ರೆ?”

“ಒಂದು ಗಂಟೆ ಮೇಲಾಗ್ತಿತ್ತು. ಲೋಹ ಒಸರಿರೋದು. ಒಂದು ಹನೀನೂ ಇಲ್ಲ ಸಾರ್.” ಹಾಳೆಯನ್ನು ಮೇಜಿನ ಮೇಲಿಟ್ಟಳು. “ಆರು ನಲವತ್ತರ ಹತ್ತಿರ ಯಾರೋ ಅಲ್ಲಿ ನಿಂತು, ಸರಿಯಾದ ಹೊತ್ತಿಗೆ, ಸರಿಯಾಗಿ ತಿರುಗಿಸಿದಾರೆ.”

ಇನ್‌ಸ್ಪೆಕ್ಟರಿಗೆ ಕೋಣೆಯ ನಕ್ಷೆ ಕಣ್ಣ ಮುಂದೆ ಬಂತು. ವಾಲ್ವಿಗೂ ಹೆಣಕ್ಕೂ ಎರಡು ಹೆಜ್ಜೆ. ಐದೂ ಮೂವತ್ತೆಂಟಕ್ಕೆ ಸತ್ತವರ ಪಕ್ಕದಲ್ಲಿ ಒಂದು ಗಂಟೆ ಕಾದು, ಬಿಲ್ಲೆ ಕೆಡದ ಹಾಗೆ ನೋಡಿಕೊಂಡು ಹೋದವರು ಯಾರು? 6.20ಕ್ಕೆ ಇನ್ನೊಂದು ಕಾರ್ಖಾನೆಯ ಕ್ಯಾಮರಾದಲ್ಲಿ ಗೂಳಿ ಸಿಲಿಂಡರ್ ಇಳಿಸುತ್ತಿದ್ದ. ಅವನಿಗೆ ಆರ್ಗಾನೂ ಒಂದೇ, ಆಕಳಿಕೆಯೂ ಒಂದೇ.

“ಬೇರೆ ದಿನ ಈ ವಾಲ್ವು ಯಾರು ತಿರುಗಿಸ್ತಾರೆ?”

“ಕುಲುಮೆಯಕ್ಕ. ಅವರ ಕೈ ಗಡಿಯಾರದ ಹಾಗೆ. ಆದ್ರೆ ಅವತ್ತು ನಾಲ್ಕಕ್ಕೇ ಹೋಗಿದ್ರಂತಲ್ಲ.”

ಇನ್‌ಸ್ಪೆಕ್ಟರ್ ಮುಟ್ಟುಗೋಲು ಹಾಕಿದ್ದ ಹಳೆಯ ರಿಜಿಸ್ಟರುಗಳನ್ನು ತರಿಸಿದರು. ಕುಲುಮೆ ಉರಿದ ದಿನಗಳ ಪಟ್ಟಿಯನ್ನು ಸಣ್ಣ ಮೇಡಂ ಹೇಳಿದಳು, ಇವರು ಬೆರಳಿಟ್ಟು ನೋಡಿದರು. ಒಂದೊಂದು ದಿನವೂ ಅಕ್ಕನ ಸಹಿ, ಹೊರಗೆ, ನಾಲ್ಕು ಗಂಟೆ.

“ನಾಲ್ಕಕ್ಕೆ ಮನೆಗೆ ಹೋಗೋ ಹೆಂಗಸು ಆರೂ ನಲವತ್ತಕ್ಕೆ ವಾಲ್ವು ತಿರುಗಿಸೋದು ಹೇಗಮ್ಮ, ಇಷ್ಟು ವರ್ಷ?”

ಸಣ್ಣ ಮೇಡಂ ತಲೆ ತಗ್ಗಿಸಿದಳು. ಆ ಪ್ರಶ್ನೆ ತನಗೇ ಹೊಳೆಯಬೇಕಿತ್ತು ಎಂಬುದು ಅವಳಿಗೂ ಗೊತ್ತಾಯಿತು.

ಮಂಗಳವಾರ ಬೆಳಿಗ್ಗೆ 9ಕ್ಕೆ ಗೇಟಿನ ಮುದುಕನನ್ನು ಕೂರಿಸಿದರು.

“ರಿಜಿಸ್ಟರ್ ಸುಳ್ಳಾ?”

“ಸುಳ್ಳಲ್ಲ ಸಾರ್, ಪದ್ಧತಿ. ನಾಲ್ಕರ ಮೇಲೆ ಒಳಗಿದ್ರೆ ಮೇಲಿನೋರ ಅನುಮತಿ ಬೇಕು. ದೊಡ್ಡವರಿಗೆ ಕೇಳೋಕೆ ಇಷ್ಟ ಇಲ್ಲ. ನಾಲ್ಕಕ್ಕೆ ಸೈ ಹಾಕಿ ಒಳಗೇ ಇರಿ ಅಂತ ಅವರದ್ದೇ ಅಪ್ಪಣೆ.”

“ಶುಕ್ರವಾರ ಅಕ್ಕ ಹೊರಗೆ ಹೋಗಿದ್ದು?”

“ಏಳಕ್ಕೆ. ಯಾವಾಗಿನ ಹಾಗೆ. ತಮ್ಮ ಕಾಯ್ತಿರ್ತಾನೆ ಅಂದ್ಲು. ದೊಡ್ಡವರು ರಾತ್ರಿ ಉಳಿಯೋದು ಹೊಸದಲ್ಲ, ನಾನೂ ಒಳಗೆ ಹೋಗಿ ನೋಡ್ಲಿಲ್ಲ.”

“ಇದನ್ನ ಶನಿವಾರ ಯಾಕಯ್ಯಾ ಹೇಳ್ಲಿಲ್ಲ?”

“ನೀವು ರಿಜಿಸ್ಟರ್ ಕೇಳಿದ್ರಿ, ಕೊಟ್ಟೆ. ಅಕ್ಕ ಯಾವಾಗ ಹೋದ್ಲು ಅಂತ ನನ್ನನ್ನೆಲ್ಲಿ ಕೇಳಿದ್ರಿ?”

ದಫೇದಾರ ನಾಲಿಗೆಯಿಂದ ಹಲ್ಲಿನ ಖಾಲಿ ಜಾಗ ಮುಟ್ಟಿಕೊಂಡ.

10.40ಕ್ಕೆ ಎರಡನೆಯ ಪಂಚನಾಮೆ. ಅಲ್ಲಿ ಕೆಲಸ ಮಾಡುವವರು ಯಾವುದಕ್ಕೆ ಕೈ ಹಾಕುವುದಿಲ್ಲವೋ ಅಲ್ಲೇ ಹುಡುಕಿ ಎಂದರು ಇನ್‌ಸ್ಪೆಕ್ಟರ್. ನೈಟ್ರೈಡ್ ಪುಡಿಗೆ ಬೆಂಕಿ ಹತ್ತಿದಾಗ ಮಾತ್ರ ಮುಟ್ಟುವ ಒಣ ಮರಳಿನ ತೊಟ್ಟಿಯನ್ನು ಬೋರಲು ಹಾಕಿದಾಗ ತಳದಲ್ಲಿ ಪಾನಾ ಸಿಕ್ಕಿತು, ತುದಿಯಲ್ಲಿ ಕೂದಲು ಅಂಟಿತ್ತು. ಪುಡಿ ಸೋಕಿದ ಬಟ್ಟೆ ಹಾಕಿ ಮುಚ್ಚಳ ಬಿಗಿಯುವ ಹಳದಿ ಡ್ರಮ್ಮಿನಲ್ಲಿ ಮೇಲಂಗಿ ಸಿಕ್ಕಿತು, ಎದೆಯಿಂದ ಮಂಡಿಯವರೆಗೆ ಕಂದಾಗಿ ಒಣಗಿದ್ದು. ಆರ್ಗಾನ್ ವಾಲ್ವಿನ ಚಕ್ರವನ್ನು ಒರೆಸಿದ್ದರು. ಬೆರಳ ತುದಿ ಸುತ್ತಿಕೊಳ್ಳುವ ಹಿಂಬದಿಯನ್ನು ಒರೆಸಲು ಮರೆತಿದ್ದರು. ಅಲ್ಲಿ ನಾಲ್ಕು ಬೆರಳಿನ ರಕ್ತದ ಗುರುತು ಇತ್ತು.

1.10ಕ್ಕೆ ಕುಲುಮೆಯಕ್ಕನ ಮನೆಯ ಬಾಗಿಲು ತೆರೆದೇ ಇತ್ತು. ಎರಡೇ ಕೋಣೆ, ಒರೆಸಿದ ನೆಲ. ತಮ್ಮ ಗೋಡೆಗೊರಗಿ ಕೂತಿದ್ದ. ನಲವತ್ತರ ಗಂಡಸು, ಮೊಣಕೈಯಿಂದ ಸ್ವಲ್ಪ ಕೆಳಗೆ ಎರಡೂ ತೋಳು ಮುಗಿದಿದ್ದವು, ಕುತ್ತಿಗೆಯ ಚರ್ಮ ಸುಟ್ಟು ಸುಕ್ಕಾಗಿತ್ತು. ಅಕ್ಕ ತಟ್ಟೆ ಹಿಡಿದು ತುತ್ತು ಕಲಸುತ್ತಿದ್ದಳು. ಖಾಕಿ ನೋಡಿ ಅವಳ ಕೈ ನಿಲ್ಲಲಿಲ್ಲ.

“ಬ್ಯಾಚು ತೆಗೆದ್ರಾ?” ಎಂದಳು.

“ತೆಗೆದ್ವಿ. ಚೆನ್ನಾಗಿ ಬಂದಿದೆ.”

“ಬರ್ಬೇಕಲ್ಲ,” ಎಂದಳು. ಆ ಒಂದು ಮಾತಿನಲ್ಲೇ ಎಲ್ಲ ಮುಗಿಯಿತು.

ಮಹಿಳಾ ಕಾನ್‌ಸ್ಟೇಬಲ್ ಅವಳ ಭುಜ ಮುಟ್ಟಿದ್ದೇ ತಮ್ಮ ಮೇಲೆದ್ದ. ಕಾಲಿನಿಂದ ದಫೇದಾರನ ಹೊಟ್ಟೆಗೆ ಒದ್ದ, ತಟ್ಟೆ ಹಾರಿ ಗೋಡೆಗೆ ಬಡಿಯಿತು. ಇನ್‌ಸ್ಪೆಕ್ಟರ ಮೂಗಿಗೆ ತಲೆ ಗುದ್ದಿ, ಕೈಯಿಲ್ಲದ ತೋಳುಗಳಿಂದ ಎದೆಗೆ ಬಡಿಯತೊಡಗಿದ. ಒಂದು ತೋಳಿನ ತುದಿಯ ಮಾಗಿದ ಗಾಯ ಬಿರಿದು ರಕ್ತ ಚಿಮ್ಮಿತು. ಅವನು ನಿಲ್ಲಿಸಲಿಲ್ಲ. ಹೊಡೆಸಿಕೊಳ್ಳುತ್ತ ನಿಂತ ಇನ್‌ಸ್ಪೆಕ್ಟರ್ ವಾಪಸು ಕೈ ಎತ್ತಲಿಲ್ಲ. ಎತ್ತಲು ಅವರಿಗೆ ಮನಸ್ಸೇ ಬರಲಿಲ್ಲ.

“ಸಾಕು ಕಣೋ, ಬಿಡು,” ಎಂದಳು ಅಕ್ಕ. “ಅವರ ಕೆಲಸ ಅವರು ಮಾಡ್ತಿದಾರೆ.”

ತಮ್ಮ ಅಲ್ಲೇ ಕುಸಿದು ಕೂತ. “ನಂಗ್ಯಾರಕ್ಕಾ ಇನ್ನು?” ಎಂದ.

ಅಕ್ಕ ಚೆಲ್ಲಿದ್ದನ್ನು ಬಳಿದು, ಬೇರೆ ತಟ್ಟೆಗೆ ಬಡಿಸಿದಳು. ಆಮೇಲೆ ಕಪಾಟಿನ ಡಬ್ಬಿಯ ಅಡಿಯಿಂದ ನಾಲ್ಕು ಮಡಿಕೆಯ ಒಂದು ಹಾಳೆ ತೆಗೆದು ಇನ್‌ಸ್ಪೆಕ್ಟರಿಗೆ ಕೊಟ್ಟಳು. ಅದರ ಅಂಚಿನಲ್ಲಿ ಒಣಗಿದ ರಕ್ತವಿತ್ತು.

3.30ಕ್ಕೆ ಠಾಣೆಯಲ್ಲಿ ಅವಳ ಹೇಳಿಕೆ ದಾಖಲಾಯಿತು.

ನೈಟ್ರೈಡಿನ ನುಣ್ಣನೆಯ ಪುಡಿ ಗಾಳಿ ತಾಗಿದರೆ ಹತ್ತಿಕೊಳ್ಳುತ್ತದೆ. ಗಾಜಿನ ಪೆಟ್ಟಿಗೆಯ ಕೈಗವಸು ಗಟ್ಟಿಯಾಗಿದೆ, ಹೆಬ್ಬೆರಳ ಬುಡದಲ್ಲಿ ಬಿರುಕು ಬಿಟ್ಟಿದೆ, ಬದಲಾಯಿಸಿ ಎಂದು ಅವಳ ತಮ್ಮ ಕೆಲಸದ ಪುಸ್ತಕದಲ್ಲಿ ಮೂರು ಸಲ ಬರೆದಿದ್ದ. ನಾಲ್ಕನೆಯ ವಾರ ಕೈಗವಸು ಸೀಳಿತು. ಉಂಗುರದ ಕತೆ ಹುಟ್ಟಿದ್ದು ಆಮೇಲೆ. ಜನ್ಮದಲ್ಲಿ ಉಂಗುರ ಹಾಕದವನು ಅವನು. ಪುಸ್ತಕದಲ್ಲಿ ಆ ಪುಟ ಇರಲಿಲ್ಲ, ತಮ್ಮನೇ ಸುಳ್ಳು ಹೇಳುತ್ತಿದ್ದಾನೆ ಎಂದಾಯಿತು. ಶುಕ್ರವಾರ ಐದೂವರೆಗೆ ಕುಲುಮೆಯ ಪಟ್ಟಿ ತರಲು ಮುಖ್ಯಸ್ಥರು ಅವಳನ್ನು ಆಫೀಸು ಕೋಣೆಗೆ ಕಳಿಸಿದರು. ಪಟ್ಟಿಯ ಕಡತದಲ್ಲೇ ಆ ಹಾಳೆ ಇತ್ತು.

“ಹರಿದವರು ಸುಟ್ಟಾದ್ರೂ ಹಾಕ್ಬಾರ್ದಾ?” ಎಂದ ದಫೇದಾರ.

“ಅವರು ಯಾವ ಕಾಗದಾನೂ ಬಿಸಾಕ್ತಿರ್ಲಿಲ್ಲ.” ಅವಳು ತನ್ನ ಅಂಗೈ ನೋಡಿಕೊಂಡಳು. “ಹಾಳೆ ತೋರಿಸಿ ಕೇಳಿದೆ. ಇದನ್ನ ಮೇಲಕ್ಕೆ ಕಳಿಸಿ, ಅವನು ಉಂಗುರ ಹಾಕಿರ್ಲಿಲ್ಲ ಅಂತ ಬರೀರಿ ಅಂದೆ. ನಕ್ಕರು ಸಾರ್. ಹಾಕಿರ್ಲಿಲ್ಲ ಅಂತ ತೋರ್ಸೋಕೆ ಅವನಿಗೆ ಬೆರಳಾದ್ರೂ ಇದ್ಯಾ ಅಂದ್ರು. ಪಾನಾ ಪಕ್ಕದಲ್ಲೇ ನೇತಾಡ್ತಿತ್ತು.”

“ಎಷ್ಟು ಏಟು?”

“ನೀವೇ ಎಣಿಸಿರ್ತೀರಲ್ಲ. ನಾನು ಎಣಿಸ್ಲಿಲ್ಲ. ನಗು ಕಾಣದ ಹಾಗಾಗೋವರೆಗೂ ಹೊಡೆದೆ.”

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. ಹೇಳಿಕೆಗೆ ಬೇಡವಾದ, ತಮಗೆ ಮಾತ್ರ ಬೇಕಾದ ಒಂದು ಪ್ರಶ್ನೆ ಉಳಿದಿತ್ತು.

“ವಾಲ್ವು ತಿರುಗಿಸದೆ ಹೋಗಿದ್ರೆ ನೀವು ಸಿಗ್ತಿರ್ಲಿಲ್ಲ. ಆ ಡ್ರೈವರ್ ಜೈಲಿಗೆ ಹೋಗಿರೋನು. ಒಂದು ಗಂಟೆ ಆ ಹೆಣದ ಜೊತೆ ಯಾಕೆ ನಿಂತ್ರಿ?”

“ಬ್ಯಾಚು ಕೆಟ್ಟಿದ್ರೆ ಏನಂತ ಬರೀತಿದ್ರು ಸಾರ್? ಕುಲುಮೆ ನೋಡ್ಕೊಳ್ಳೋಳ ತಪ್ಪು ಅಂತ.” ಅವಳು ಮೇಜಿನ ಮೇಲಿನ ಪೆನ್ನನ್ನು ಅವರ ಕಡೆಗೆ ತಳ್ಳಿದಳು. “ಕೊಂದೋಳು ಅಂತ ಬರೀರಿ, ಕೊಂದಿದೀನಿ. ಕೆಲಸ ಕೆಡಿಸಿದೋಳು ಅಂತ ಬರೀಬೇಡಿ. ನಮ್ಮನೇಲಿ ಒಬ್ಬನ ಮೇಲೆ ಬರೆದಿದ್ದೇ ಸಾಕು.”

ಸಂಜೆ 5.20ಕ್ಕೆ ಬಂಧನ ದಾಖಲಾಯಿತು. ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡ ಗೂಳಿ ಬಿಡುಗಡೆಯ ಆದೇಶಕ್ಕೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದ, ದಫೇದಾರ ಅವನ ಕಣ್ಣು ತಪ್ಪಿಸಿ ಓಡಾಡಿದ. ಮಹಿಳಾ ಕಾನ್‌ಸ್ಟೇಬಲ್ ಡ್ಯೂಟಿ ಮುಗಿಸಿ ತನ್ನ ಮನೆಯ ಕಡೆ ಹೋಗದೆ ಆ ಎರಡು ಕೋಣೆಯ ಮನೆಯ ಕಡೆ ಹೋದಳು. ಎಷ್ಟು ದಿನ ಹೋಗಬಲ್ಲಳು ಎಂದು ಅವಳನ್ನು ಯಾರೂ ಕೇಳಲಿಲ್ಲ.

ಆರೋಪಪಟ್ಟಿಯ ಜೊತೆ ಕೊಟ್ಟ ದಾಖಲೆಗಳಲ್ಲಿ ಬಿಲ್ಲೆಗಳ ಪರೀಕ್ಷೆಯ ವರದಿ ಮೊದಲನೆಯದು, ಆ ಹಾಳೆ ಎರಡನೆಯದು. ವರದಿಯಲ್ಲಿ, ಬ್ಯಾಚಿನಲ್ಲಿ ಯಾವ ದೋಷವೂ ಇಲ್ಲ ಎಂದಿತ್ತು. ಹಾಳೆಯಲ್ಲಿ ಕೈಗವಸು ಬದಲಾಯಿಸಿ ಎಂದು ಮೂರು ಸಲ ಬರೆದಿತ್ತು, ಮೂರು ತಾರೀಖು, ಮೂರು ಸಹಿ. ಬರೆದವನ ಅಕ್ಷರ ದುಂಡಗಿತ್ತು.